ಹೊಗೆ ಯಾವುದರ ಹಾಗಿತ್ತು?

ಶನಿವಾರ ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ನಮ್ಮ ಕಟ್ಟಡದ ಬೆಂಕಿಯ ಅಲಾರಂ ಕೂಗಲು ಶುರುಮಾಡಿತು. ಹೊತ್ತು ಅಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಆಗಷ್ಟೇ ಗೋಡೆಯ ಗಡಿಯಾರ ನೋಡಿ, "ಐದರೊಳಗೆ ಇದು ಮುಗಿಯದಿದ್ದರೆ ಇವತ್ತು ಫೋನ್ ಇಲ್ಲ" ಎಂದು ಮಗಳನ್ನು ಹೆದರಿಸಿದ್ದೆ.

ಮಗಳು ಜೋವಿಟಾ, ಒಂಬತ್ತನೆಯ ಕ್ಲಾಸು. 'ಇದು' ಎಂದರೆ ಅವಳ ಇಂಗ್ಲಿಷ್ ಪಾಠಕ್ಕೆ ಇಟ್ಟ ಒಂದು ಕಾದಂಬರಿ. ಅಮೆರಿಕದ ಗಡಿಯೂರೊಂದರಲ್ಲಿ ಬೆಳೆಯುವ ಮೆಕ್ಸಿಕನ್ ಮನೆತನದ ಹುಡುಗಿಯ ಕತೆ. ಅದರ ಪಾತ್ರಗಳ ಬಗ್ಗೆ ಬರೆಯಬೇಕು, ಉಪಮೆ ರೂಪಕಗಳನ್ನು ಹುಡುಕಬೇಕು, ಕೊನೆಯಲ್ಲಿ ತಾನು ಹೆದರಿದ ಒಂದು ಸಂದರ್ಭಕ್ಕೆ ತನ್ನದೇ ಒಂದು ಉಪಮೆ ಕಟ್ಟಬೇಕು. ಮೊದಲ ಎರಡು ಆಗಿದ್ದವು. ಮೂರನೆಯದಕ್ಕೆ ಜೋವಿ ಪೆನ್ನಿನ ತುದಿ ಕಚ್ಚುತ್ತ ಕೂತಿದ್ದಳು.

"ನಥಿಂಗ್ ಹ್ಯಾಸ್ ಎವರ್ ಹ್ಯಾಪನ್ಡ್ ಟು ಮಿ, ಮಮ್ಮಾ. ಹಲ್ಲಿ ಆಗ್ತದಾ?"

ಊರಿನಲ್ಲಿ ಒಮ್ಮೆ ಅವಳ ಹೆಗಲ ಮೇಲೆ ಹಲ್ಲಿ ಬಿದ್ದಿತ್ತು. ಹದಿನಾಲ್ಕು ವರ್ಷದ ಬದುಕಿನಲ್ಲಿ ಅವಳಿಗೆ ಬೇರೆ ಭಯವೇ ಸಿಕ್ಕಿರಲಿಲ್ಲ. ತಾಯಿಯಾಗಿ ನನಗೆ ಒಳಗೊಳಗೇ ಹೆಮ್ಮೆಯಾಯಿತು. ಆಗಲೇ ಅಲಾರಂ ಕೂಗಿದ್ದು.

ಅಲಾರಂ ಕೂಗಿದರೆ ಎದ್ದು ಓಡಬೇಕು ಎಂದು ನಿಮಗೆ ಗೊತ್ತು. ನಮಗೂ ಗೊತ್ತಿತ್ತು, ದುಬೈಯ ಅಲ್ ಮುರಕ್ಕಬಾತ್‌ನ ಈ ಕಟ್ಟಡಕ್ಕೆ ಬರುವ ಮೊದಲು. ಇಲ್ಲಿ ಮಂಗಳೂರು ಕಡೆಯ ಕೊಂಕಣಿಗರು, ಬ್ಯಾರಿಗಳು, ಮಲಯಾಳಿಗಳು ಎಷ್ಟು ಮನೆ ಇದ್ದೇವೋ, ಅಲಾರಂ ಕೂಗಲು ಅಷ್ಟು ಕಾರಣ. ಬಂಗುಡೆ ಕಾವಲಿಗೆ ಬಿದ್ದ ಕೂಡಲೇ ಸೀಲಿಂಗಿನಲ್ಲಿರುವ ಬಿಳಿ ಬಿಲ್ಲೆಗೆ ಹೊಗೆ ಮುಟ್ಟಿ ಇಡೀ ಕಟ್ಟಡ ಅರಚುತ್ತದೆ. ಅದಕ್ಕೆ ನಮ್ಮಲ್ಲೊಂದು ಉಪಾಯ ಇತ್ತು. ನನ್ನ ಗಂಡ ಲ್ಯಾನ್ಸಿ ಅಬುಧಾಬಿಯಲ್ಲಿ, ಎಲೆಕ್ಟ್ರಾ ಸ್ಟ್ರೀಟ್ ಹತ್ತಿರದ ಹೋಟೆಲಿನ ಹೌಸ್‌ಕೀಪಿಂಗ್‌ನಲ್ಲಿ ಇದ್ದಾನೆ. ವಾರಕ್ಕೊಮ್ಮೆ ಬರುವಾಗ ಅತಿಥಿಗಳು ಮುಟ್ಟದೆ ಬಿಟ್ಟುಹೋದ ಶವರ್ ಕ್ಯಾಪ್‌ಗಳನ್ನು ತರುತ್ತಿದ್ದ. ಮೀನು ಹುರಿಯುವ ದಿನ ಸ್ಟೂಲ್ ಹತ್ತಿ ಆ ಬಿಲ್ಲೆಗೆ ಒಂದು ಕ್ಯಾಪ್ ತೊಡಿಸುವುದು. ಎದುರು ಮನೆಯ ಝುಬೈದಕ್ಕನಿಗೂ ಒಂದು ಕಟ್ಟು ಕೊಟ್ಟಿದ್ದೆ. "ಬಾಯಮ್ಮ, ನಿಮ್ಮ ಪೊರ್ಬುಗಳು ದುಬೈ ಸರ್ಕಾರಕ್ಕೇ ಟೋಪಿ ಹಾಕಿದ್ರಲ್ಲ!" ಎಂದು ಅವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಬ್ಯಾರಿಗಳ ಬಾಯಲ್ಲಿ ನಾವು ಕೊಂಕಣಿ ಕ್ರೈಸ್ತರು ಪೊರ್ಬುಗಳು, ನಮ್ಮ ಹೆಂಗಸರು ಬಾಯಮ್ಮ. ಕ್ಯಾಪ್ ಹಾಕಲು ಮರೆತವರ ಮನೆಯಿಂದ ಅಲಾರಂ ಕೂಗಿದರೆ ಕೆಳಗಿನ ನಾತೂರ್, ಅಂದರೆ ಕಟ್ಟಡದ ಕಾವಲಿನವನು, "ಮಾಫಿ ಮುಷ್ಕಿಲ್, ಮಾಫಿ ಮುಷ್ಕಿಲ್, ತೊಂದರೆ ಇಲ್ಲ" ಎನ್ನುತ್ತ ಗುಂಡಿ ಒತ್ತಿ ಬಾಯಿ ಮುಚ್ಚಿಸುತ್ತಿದ್ದ. ಬೆಂಕಿಯ ಅಲಾರಂ ನಮ್ಮ ಮಟ್ಟಿಗೆ ಇವತ್ತು ಯಾರ ಮನೆಯಲ್ಲಿ ಮೀನು ಎಂದು ಸಾರುವ ಡಂಗುರ.

ಹಾಗಾಗಿ ನಾನು ಬಾಗಿಲು ತೆರೆದು ಮೂಗು ಮಾತ್ರ ಹೊರಗೆ ಹಾಕಿದೆ. ಎದುರು ಬಾಗಿಲಲ್ಲಿ ಝುಬೈದಕ್ಕನ ಮೂಗು.

"ಎಂತ ಬಾಯಮ್ಮ, ನಿಮ್ಮಲ್ಲಿಯಾ?"

"ನಮ್ಮಲ್ಲಿ ಇವತ್ತು ಬೇಳೆಸಾರು ಝುಬೈದಕ್ಕ. ನಿಮ್ಮದಲ್ವಾ?"

"ನಮ್ಮಲ್ಲಿ ಕೋಳಿ ಮಾರಾಯ್ತಿ. ಹಾಗಾದ್ರೆ ಕೆಳಗಿನ ಮಲಯಾಳಿಗಳದ್ದು. ಮತ್ತಿ ತಂದಿರ್ಬೇಕು. ನಮ್ಗೆ ಕೊಡುವವರಲ್ಲ ಅವರು."

ಇಬ್ಬರೂ ನಕ್ಕು ಬಾಗಿಲು ಹಾಕಿಕೊಂಡೆವು. ಅಲಾರಂ ಕೂಗುತ್ತಿರಲಿ. ಅಂದು ನಾವೂ ಹಾಗೆಯೇ ಬಿಟ್ಟೆವು. ಅಷ್ಟರಲ್ಲಿ ಆ ಕಾದಂಬರಿಯ ವಿಷಯ ಸ್ವಲ್ಪ ಹೇಳುತ್ತೇನೆ.

ಕತೆಯ ಹುಡುಗಿಯ ಹೆಸರು ಇನೆಸ್. ಮೆಕ್ಸಿಕೋ ಎಂದರೆ ನನಗೆ ಅಗಲ ಟೋಪಿ ಮತ್ತು ಮುಳ್ಳುಗಳ್ಳಿ. ಹೆಸರು ನೋಡಿದ್ದೇ ತಡ, ನಾನು ಪುಸ್ತಕವನ್ನು ಮಗಳ ಕೈಯಿಂದ ಕಿತ್ತುಕೊಂಡೆ. ಇನೆಸ್ ನನ್ನ ಅಜ್ಜಿಯ ಹೆಸರು. ಉಡುಪಿ ಕಡೆಯ ಇಗರ್ಜಿಯೊಂದರ ಬೆನ್ನಿಗೆ ಮನೆ ಕಟ್ಟಿಕೊಂಡು, ಹಂದಿ ಸಾಕಿ, ಮಲ್ಲಿಗೆ ಕಟ್ಟಿ ಮಾರಿ ಏಳು ಮಕ್ಕಳನ್ನು ದೊಡ್ಡ ಮಾಡಿದ ಇನೆಸ್‌ಬಾಯಿ. ಎರಡು ಸಾಗರ ದಾಟಿ ಯಾರೋ ತಂದು ಹಂಚಿದ ಹೆಸರುಗಳು ಇವು, ಅಲ್ಲೊಂದು ಬಿದ್ದಿದೆ, ಇಲ್ಲೊಂದು ಬಿದ್ದಿದೆ. ಕಾದಂಬರಿಯಲ್ಲಿಯೂ ಒಬ್ಬಳು ಅಜ್ಜಿ. ಅವಳ ಮೇಕೆ ಕಳೆದುಹೋದಾಗ ಸಂತ ಅಂತೋನಿಯ ಮೂರ್ತಿಯನ್ನು ಗೋಡೆಗೆ ಮುಖ ಮಾಡಿಸಿ ನಿಲ್ಲಿಸುತ್ತಾಳೆ, ಮೇಕೆ ಸಿಗುವವರೆಗೆ ತಿರುಗಿಸುವುದಿಲ್ಲ. ನನ್ನ ಅಜ್ಜಿ ಬೆಂಡೋಲೆ ಕಳೆದಾಗ ಅದೇ ಸಂತನ ಪಟಕ್ಕೆ ಅದೇ ಶಿಕ್ಷೆ ಕೊಟ್ಟಿದ್ದಳು. ಬೆಂಡೋಲೆ ಹಂದಿಗೂಡಿನಲ್ಲಿ ಸಿಕ್ಕಿತು. ಪಟ ತಿರುಗಿಸಲು ಮರೆತೇಹೋಗಿ ಸಂತರು ಈಸ್ಟರ್‌ವರೆಗೆ ಗೋಡೆ ನೋಡಿಕೊಂಡೇ ಇದ್ದರು.

ಅಜ್ಜಿಗೆ ಹೋಲಿಕೆ ಇಲ್ಲದೆ ಮಾತು ಬರುತ್ತಿರಲಿಲ್ಲ. ನನ್ನ ಕೂದಲು ಕಾಗೆ ಜಗಳವಾಡಿ ಬಿಟ್ಟುಹೋದ ಗೂಡು, ನಮ್ಮ ಪಾದ್ರಿಗಳ ಪ್ರಸಂಗ ಹಸಿ ಕಟ್ಟಿಗೆಯ ಒಲೆ, ಹೊಗೆ ಮಾತ್ರ. ಕಾದಂಬರಿಯ ಅಜ್ಜಿಯೂ ಹಾಗೆಯೇ. ಅವಳ ನಗು ಕಾದ ಕಾವಲಿಗೆ ಬಿದ್ದ ನೀರಿನ ಹನಿಯಂತೆ, ಸಿಡಿದು ಕುಣಿದು ಮಾಯವಾಗುತ್ತದೆ ಎಂದು ಒಂದು ಕಡೆ ಬರುತ್ತದೆ. ಇದನ್ನು ಜೋವಿ ಮೊದಲ ಉಪಮೆಯಾಗಿ ಬರೆದುಕೊಂಡಳು. ನನಗೆ ಹಿಡಿಸಿದ್ದು ಬೇರೆ. ಇನೆಸ್‌ಳ ಮನೆಯವರಿಗೆ ಕಾಗದಪತ್ರ ಸರಿಯಿಲ್ಲ. ಯಾರು ಬಾಗಿಲು ಬಡಿದರೂ ಎಲ್ಲರೂ ಉಸಿರು ಹಿಡಿದು ಕೂರುತ್ತಾರೆ. ಬಡಿದವರು ಹೊರಟುಹೋದ ಮೇಲೂ, 'ಆ ಸದ್ದು ಒಳಗೆ ಬಂದು, ಕುರ್ಚಿ ಎಳೆದು, ನಮ್ಮ ಜೊತೆ ಕೂತುಬಿಟ್ಟಿತು' ಎಂದು ಹುಡುಗಿ ಹೇಳುತ್ತಾಳೆ. ವೀಸಾ ಮುಗಿಯುವ ತಿಂಗಳಲ್ಲಿ ಗಲ್ಫಿನ ಎಷ್ಟು ಮನೆಗಳಲ್ಲಿ ಆ ಕುರ್ಚಿ ಎಳೆದ ಸದ್ದು ಕೇಳುತ್ತದೋ ನನಗೆ ಗೊತ್ತು.

ನಾನು ಮಂಗಳೂರಿನ ಕಾಲೇಜಿನಲ್ಲಿ ಐಚ್ಛಿಕ ಕನ್ನಡ ಓದಿದವಳು. ಈಗ ಒಂದು ಕ್ಲಿನಿಕ್‌ನ ಮುಂದಿನ ಮೇಜಿನಲ್ಲಿ ಕೂತು ಹಲ್ಲುನೋವಿನವರಿಗೆ ಟೋಕನ್ ಕೊಡುತ್ತೇನೆ. ಅಲಂಕಾರಶಾಸ್ತ್ರ ಉಪಯೋಗಕ್ಕೆ ಬರುವ ಅವಕಾಶ ಮತ್ತೆ ಸಿಕ್ಕಿದ್ದು ಈ ಹೋಮ್‌ವರ್ಕ್‌ನಲ್ಲಿ. ನಮ್ಮ ಮೇಷ್ಟ್ರು ಹೇಳಿಕೊಡುತ್ತಿದ್ದುದನ್ನೇ ಜೋವಿಗೆ ಹೇಳಿದೆ. ಉಪಮೇಯ ನಮ್ಮ ಮನೆಯದು, ಉಪಮಾನ ಪಕ್ಕದ ಮನೆಯದು. ನಮ್ಮ ಮನೆಯಲ್ಲಿ ಕತ್ತಲಾದಾಗ ಪಕ್ಕದ ಮನೆಯಿಂದ ದೀಪ ತಂದು ನಮ್ಮದೇ ವಸ್ತುವನ್ನು ನೋಡಿಕೊಳ್ಳುವುದು, ಅಷ್ಟೇ.

ಜೋವಿ ಯೋಚಿಸಿದಳು. "ಸೋ ಇಟ್ಸ್ ಲೈಕ್ ಯೂ ಬಾರೋಯಿಂಗ್ ಆನಿಯನ್ಸ್ ಫ್ರಮ್ ಝುಬೈದಾ ಆಂಟಿ."

"ಹೌದು. ಆದರೆ ಈರುಳ್ಳಿ ನಾನು ವಾಪಸ್ ಕೊಡುತ್ತೇನೆ."

"ಯೂ ಡೋಂಟ್, ಮಮ್ಮಾ."

ಇಷ್ಟು ಮಾತಾಗುವಷ್ಟು ಹೊತ್ತು ಅಲಾರಂ ಕೂಗುತ್ತಲೇ ಇತ್ತು. ಇವತ್ತೇನು ನಾತೂರ್ ನಮಾಝಿಗೆ ಹೋಗಿದ್ದಾನೋ ಎಂದುಕೊಂಡೆ. ಆಗ ನಮ್ಮ ಬಾಗಿಲು ಮುರಿದು ಬೀಳುವ ಹಾಗೆ ಬಡಿದ ಸದ್ದು.

"ಬಾಯಮ್ಮ! ಇದು ಮೀನಲ್ಲ! ಇದು ಮೀನಲ್ಲ ಮಾರಾಯ್ತಿ, ಬನ್ನಿ!"

ಬಾಗಿಲು ತೆಗೆದಾಗ ಕಾರಿಡಾರಿನ ಆ ತುದಿ ಕಾಣುತ್ತಿರಲಿಲ್ಲ. ವಯರ್ ಸುಟ್ಟ ವಾಸನೆ. ಝುಬೈದಕ್ಕ ಮೈಯೆಲ್ಲ ಮುಚ್ಚುವ ಕಪ್ಪು ಅಬಾಯಾ ತೊಟ್ಟು ನಿಂತಿದ್ದರು. ಬೆಂಕಿ ಬಿದ್ದಾಗಲೂ ಅಬಾಯಾ ಹಾಕಿಕೊಳ್ಳಲು ಇವರಿಗೆ ಪುರಸೊತ್ತಾಯಿತಲ್ಲ ಎಂದು ಆ ಕ್ಷಣದಲ್ಲಿಯೂ ನನ್ನ ಹಾಳು ತಲೆಗೆ ಹೊಳೆಯಿತು. ಒಳಗೆ ಓಡಿ ಏನೋ ಒಂದನ್ನು ಎತ್ತಿಕೊಂಡೆ. ಪಾಸ್‌ಪೋರ್ಟ್ ಎಂದುಕೊಂಡಿದ್ದೆ. ಕೆಳಗೆ ಬಂದು ನೋಡಿದರೆ ಟೀವಿಯ ರಿಮೋಟು.

ನಮ್ಮದು ಏಳನೆಯ ಮಹಡಿ. ಉರಿಯುತ್ತಿದ್ದುದು ನಾಲ್ಕರಲ್ಲಿ, ವಯರುಗಳೆಲ್ಲ ಸೇರುವ ಸಣ್ಣ ಕೋಣೆ. ಮೆಟ್ಟಿಲಲ್ಲಿ ಇಳಿದಂತೆ ಹೊಗೆ ದಪ್ಪವಾಗುತ್ತ ಹೋಯಿತು. ಐದರ ತಿರುವಿನಲ್ಲಿ ದೀಪ ಹೋಯಿತು. ಹಿಂದಿನಿಂದ ಯಾರೋ ನುಗ್ಗಿದರು. ನನ್ನ ಕೈಯಲ್ಲಿದ್ದ ಜೋವಿಯ ಕೈ ಇಲ್ಲವಾಯಿತು.

ಇದನ್ನು ನಾನು ಇಲ್ಲಿಗೇ ನಿಲ್ಲಿಸಬೇಕು, ಏಕೆಂದರೆ ನನ್ನ ತಲೆಯಲ್ಲಿಯೂ ಅದು ಇಲ್ಲಿಗೇ ನಿಲ್ಲುತ್ತದೆ. ಮೊನ್ನೆ ಮೊನ್ನೆಯವರೆಗೂ ಟೋಕನ್ ಕೊಡಲು ಕೈ ಚಾಚಿದಾಗ, ಬಸ್ಸಿನಲ್ಲಿ ಸರಳು ಹಿಡಿದಾಗ, ಪಾತ್ರೆ ತೊಳೆಯುವಾಗ ನಾನು ಆ ತಿರುವಿನಲ್ಲಿಯೇ ಇರುತ್ತಿದ್ದೆ. ಕೈ ಯಾವುದರ ಹಾಗೆ ಜಾರಿತು ಎಂದು ಕೇಳಬೇಡಿ. ಯಾವುದರ ಹಾಗೂ ಅಲ್ಲ. ಕೈ ಇತ್ತು, ಕೈ ಇಲ್ಲ. ಕೂಗಲು ಬಾಯಿ ತೆರೆದರೆ ಒಳಗೆ ಹೋದದ್ದು ಹೊಗೆ. ಕನ್ನಡ ಐಚ್ಛಿಕದಲ್ಲಿ ನಾನು ಬರೆದು ಅಂಕ ಪಡೆದ ಚಂದ್ರಮುಖ, ಕಮಲನೇತ್ರಗಳಲ್ಲಿ ಒಂದೂ ಆ ಮೆಟ್ಟಿಲಿಗೆ ಬರಲಿಲ್ಲ. 'ಹಾಗೆ' ಎನ್ನುವ ಪದ ಹೊರಗೆ ಬಂದವರದು, ಒಳಗೆ ಇರುವವರದಲ್ಲ ಎಂದು ನನಗೆ ಈಗ ಅನ್ನಿಸುತ್ತದೆ.

ಹಿಂದಿನವರು ನನ್ನನ್ನು ದೂಡಿಕೊಂಡೇ ಇಳಿಸಿದರು. ತಿರುಗಿ ಹತ್ತಲು ನೋಡಿದೆ, ಬಿಡಲಿಲ್ಲ. ಬೀದಿಗೆ ಬಂದು ನಿಂತಾಗ ಬಿಸಿಲು ಎಂದಿನ ಹಾಗೆಯೇ ಹೊಡೆಯುತ್ತಿತ್ತು. ಲುಂಗಿಯವರು, ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡವರು, ಅನ್ನದ ಕುಕ್ಕರ್ ಅಪ್ಪಿಕೊಂಡ ಒಬ್ಬರು. ನಾನು ರಿಮೋಟು ಹಿಡಿದು ಬಾಗಿಲನ್ನೇ ನೋಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಆ ಬಾಗಿಲಿನಿಂದ ಝುಬೈದಕ್ಕ ಹೊರಬಂದರು. ಅವರ ಅಬಾಯಾದ ಮಡಿಕೆಯಲ್ಲಿ ಮುಖ ಹುದುಗಿಸಿಕೊಂಡು ಜೋವಿ. ಅವಳ ಒಂದು ಕೈಯಲ್ಲಿ ಕಾದಂಬರಿ, ಓದುತ್ತಿದ್ದ ಪುಟದಲ್ಲಿ ಬೆರಳು ಹಾಗೆಯೇ.

ಅಗ್ನಿಶಾಮಕದವರು ಬಂದು ಬೆಂಕಿ ಆರಿಸಿದರು. ಯಾರ ಜೀವವೂ ಹೋಗಲಿಲ್ಲ. ಹಾಗೆಂದು ಎಲ್ಲರೂ ಹೇಳಿದರು, ನಾವೂ ಊರಿಗೆ ಫೋನ್ ಮಾಡಿ ಹೇಳಿದೆವು.

ಕಟ್ಟಡ ರಿಪೇರಿಯಾಗುವವರೆಗೆ ದುಬೈಯ ಅಂಚಿನ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯಲ್ಲಿ ಲ್ಯಾನ್ಸಿಯ ಚಿಕ್ಕಪ್ಪನ ಮಗನ ಒಂದೇ ಕೋಣೆಯ ಮನೆಯಲ್ಲಿ ಇದ್ದೆವು. ಜೋವಿಗೆ ನಿದ್ದೆ ಬರುವುದಿಲ್ಲ ಎಂದು ಗೊತ್ತಾದದ್ದು ಅಲ್ಲಿ. ಮಲಗುವಾಗ ಸ್ಕೂಲಿನ ಶೂ ಬಿಚ್ಚುತ್ತಿರಲಿಲ್ಲ. ಲೇಸು ಬಿಗಿಯಾಗಿ ಕಟ್ಟಿಕೊಂಡೇ ಹಾಸಿಗೆಗೆ ಹೋಗುವುದು. ಪಕ್ಕದವರ ಬಾಗಿಲನ್ನು ಯಾರಾದರೂ ತಟ್ಟಿದರೂ ಎದ್ದು ನಿಲ್ಲುತ್ತಿದ್ದಳು. ನಮ್ಮ ಮನೆಗೆ ಮರಳಿದ ಮೇಲೆ ಇನ್ನೂ ಹೆಚ್ಚಾಯಿತು. ಗ್ಯಾಸಿನವನು, ನೀರಿನ ಕ್ಯಾನಿನವನು, ಯಾರು ಬಡಿದರೂ ಹುಡುಗಿ ಬಿಳಿಚಿಕೊಂಡು ಬ್ಯಾಗಿಗೆ ಕೈ ಹಾಕುವಳು. ಇನೆಸ್‌ಳ ಮನೆಯ ಆ ಸದ್ದು ಈಗ ನಮ್ಮಲ್ಲಿ ಕುರ್ಚಿ ಎಳೆದು ಕೂತಿತ್ತು. ಏನಾಯಿತು ಎಂದು ಕೇಳಿದರೆ, "ಐ ಆಮ್ ಫೈನ್." ಬಾಯಿ ಮುಚ್ಚದೆ ನನ್ನ ತಪ್ಪು ಹಿಡಿಯುತ್ತಿದ್ದ ಹುಡುಗಿಗೆ ಇಷ್ಟೇ ಮಾತು. ಟೀಚರ್ ಹೋಮ್‌ವರ್ಕಿಗೆ ಸಮಯ ಕೊಟ್ಟಿದ್ದರು. ಕೊನೆಯ ಪ್ರಶ್ನೆ ಖಾಲಿಯೇ ಉಳಿಯಿತು. ಹಲ್ಲಿಯ ಹೆಸರನ್ನೂ ಎತ್ತಲಿಲ್ಲ.

ಕ್ಲಾಸಿನಲ್ಲಿ ತೂಕಡಿಸುತ್ತಾಳೆ ಎಂದು ಸ್ಕೂಲಿನಿಂದ ಫೋನ್ ಬಂದ ವಾರ ಲ್ಯಾನ್ಸಿ ಮಾತೆತ್ತಿದ. ಮನೆಯಲ್ಲಿ ನಾವು ಆಡುವುದು ಕೊಂಕಣಿ.

"ಗ್ರೆಟ್ಟಾ, ಇವಳನ್ನು ಊರಿಗೆ ಕಳಿಸುವಾ. ನನ್ನ ಮಾಂಯ್ ಹತ್ರ, ಅಜ್ಜಿ ಮನೆಯಲ್ಲಿ ಇರ್ಲಿ. ಅಲ್ಲಿ ಮಹಡಿ ಇಲ್ಲ, ಅಲಾರಂ ಇಲ್ಲ."

"ಶಾಲೆ?"

"ಅಲ್ಲಿ ಶಾಲೆ ಇಲ್ವಾ? ನಾವು ಎಲ್ಲಿ ಓದಿದ್ದು?"

"ಅವಳನ್ನು ಬಿಟ್ಟು ನಾನು ಇಲ್ಲಿ ಎಂತ ಮಾಡ್ಲಿ?"

"ನಾನು ಅಬುಧಾಬಿಯಲ್ಲಿ ಎಂತ ಮಾಡ್ತಾ ಇದ್ದೇನೆ? ಹಾಗೆಯೇ."

ಗೋಡೆಯ ಆ ಕಡೆಯಿಂದ ಜೋವಿಯ ದನಿ ಬಂತು. "ಐ ಆಮ್ ನಾಟ್ ದ ಬ್ಲ್ಯಾಂಕೆಟ್, ಪಪ್ಪಾ!"

ಲ್ಯಾನ್ಸಿ ನನ್ನ ಮುಖ ನೋಡಿದ. ಅವನು ಕಾದಂಬರಿ ಓದಿರಲಿಲ್ಲ. ಇನೆಸ್‌ಳನ್ನು ದೂರದ ಅತ್ತೆಯ ಮನೆಗೆ ಸಾಗಹಾಕುವ ಅಧ್ಯಾಯದಲ್ಲಿ ಅವಳು ಹೇಳುವ ಮಾತಿದೆ, 'ಚಳಿಗಾಲ ಮುಗಿದ ಮೇಲೆ ಕಂಬಳಿಯನ್ನು ಮಡಿಸಿ ಪೆಟ್ಟಿಗೆಗೆ ಹಾಕುವ ಹಾಗೆ ನನ್ನನ್ನು ಮಡಿಸಿದರು.' ಅದನ್ನು ವಿವರಿಸಿದೆ. ಅವನು, "ಕಂಬಳಿಯಾದರೂ ನಿದ್ದೆ ಮಾಡ್ತದೆ," ಎಂದ. ಜೋಕು ಮಾಡಲು ಹೊರಟು ಅವನ ಕಣ್ಣೇ ಒದ್ದೆಯಾಯಿತು. ಕೊನೆಗೆ, ಈ ಟರ್ಮ್ ಮುಗಿಯಲಿ, ಆಗಲೂ ಹೀಗೇ ಇದ್ದರೆ ಟಿಕೆಟ್ ತೆಗೆಯುವುದು ಎಂದು ಆಯಿತು. ಟರ್ಮ್ ಮುಗಿಯಲು ಹೆಚ್ಚು ದಿನ ಇರಲಿಲ್ಲ.

ಬೆಂಕಿ ಬಿದ್ದ ಮೇಲೆ ಕಟ್ಟಡದಲ್ಲಿ ಯಾರೂ ಮೀನು ಹುರಿದಿರಲಿಲ್ಲ. ಯಾರೂ ಬೇಡ ಎಂದದ್ದಲ್ಲ, ಯಾರಿಗೂ ಮನಸ್ಸು ಬರಲಿಲ್ಲ. ಶವರ್ ಕ್ಯಾಪ್‌ಗಳನ್ನು ನಾನು ಕಸಕ್ಕೆ ಹಾಕಿದ್ದೆ. ಸೀಲಿಂಗಿಗೆ ಹೊಸ ಬಿಲ್ಲೆಗಳು ಬಂದಿದ್ದವು, ಅವು ಮೊದಲು ಹೊಗೆ ಎದ್ದ ಮನೆಯೊಳಗೆ ಮಾತ್ರ ಕೂಗಿ ಎಚ್ಚರಿಸುತ್ತವೆ. ಒಂದು ಶುಕ್ರವಾರ ಸಂಜೆ ಝುಬೈದಕ್ಕ ಬಂದರು. ಅವರು ಈಗೀಗ ಬಾಗಿಲು ಬಡಿಯುತ್ತಿರಲಿಲ್ಲ, ಕಾರಿಡಾರಿನಿಂದಲೇ ಹೆಸರು ಹಿಡಿದು ಕರೆಯುತ್ತಿದ್ದರು.

"ಜೋವಿ ಮೋಳೆ, ಬಾ ಮಗಳೇ. ಬಂಗುಡೆ ಸಿಕ್ಕಿದೆ, ಒಳ್ಳೆ ತಾಜಾ ಉಂಟು. ನನಗೊಬ್ಬಳಿಗೆ ಆಗುದಿಲ್ಲ, ಗಾಳಿ ಹಾಕ್ಲಿಕ್ಕೆ ಜನ ಬೇಕು. ಟೋಪಿ ಖಲಾಸ್ ಅಲ್ವಾ ಈಗ!"

ಜೋವಿ ಹೋಗಲಾರೆ ಎನ್ನುತ್ತಾಳೆ ಎಂದುಕೊಂಡೆ. ಶೂ ಹಾಕಿಕೊಂಡು ಹೋದಳು. ನಾನೂ ಹಿಂದಿನಿಂದ ಹೋದೆ. ಝುಬೈದಕ್ಕ ಕಿಟಕಿ ತೆರೆದರು, ಜೋವಿಗೆ ಒಂದು ರಟ್ಟಿನ ತುಂಡು ಕೊಟ್ಟು ಬಿಲ್ಲೆಯ ಕೆಳಗೆ ಸ್ಟೂಲಿನ ಮೇಲೆ ನಿಲ್ಲಿಸಿದರು. ಮೆಣಸಿನ ಮಸಾಲೆಯ ಬಂಗುಡೆ ಕಾವಲಿಗೆ ಬಿತ್ತು. ಹುಡುಗಿ ಗಾಳಿ ಬೀಸಿದಳು, ಬೀಸಿದಳು. ಆದರೂ ಅದು ಕೂಗಿಯೇ ಕೂಗಿತು.

ಜೋವಿಯ ಕೈ ಅಲ್ಲೇ ನಿಂತಿತು. ರಟ್ಟು ಕೆಳಗೆ ಬಿತ್ತು. ನಾನು ಎರಡು ಹೆಜ್ಜೆ ಮುಂದಿಟ್ಟೆ. ಅಷ್ಟರಲ್ಲಿ ಝುಬೈದಕ್ಕ ಸಟ್ಟುಗ ಎತ್ತಿ ಹಿಡಿದು, ಆ ಬಿಲ್ಲೆಯತ್ತ ಮುಖ ಮಾಡಿ, ಏಳು ಮಹಡಿಗೂ ಕೇಳುವ ಹಾಗೆ ಕಿರುಚಿದರು.

"ಇದು ಮೀನು! ಇದು ಮೀನೇ ಮಾರಾಯಾ! ಕಣ್ಣು ಕಾಣುದಿಲ್ವಾ ನಿಂಗೆ? ಮೀನು!"

ಜೋವಿ ಮೊದಲು ನಕ್ಕಳು. ಆಮೇಲೆ ನಗು ನಿಲ್ಲಲಿಲ್ಲ. ಆಮೇಲೆ ಅದು ನಗು ಆಗಿರಲಿಲ್ಲ. ಝುಬೈದಕ್ಕ ಅವಳನ್ನು ಸ್ಟೂಲಿನಿಂದ ಇಳಿಸಿ ಅಪ್ಪಿಕೊಂಡರು, ಸಟ್ಟುಗದ ಎಣ್ಣೆ ಅವಳ ಬೆನ್ನಿಗೆಲ್ಲ ಆಯಿತು. ಮೀನಿನ ಒಂದು ಬದಿ ಕರಿಹಿಡಿಯಿತು. ಕರಿಹಿಡಿದದ್ದನ್ನು ತಟ್ಟೆಗೆ ಹಾಕಿ ಮೂವರೂ ಕೂತೆವು.

ಮುಳ್ಳು ಬಿಡಿಸುತ್ತಿದ್ದ ಜೋವಿ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು. "ಮಮ್ಮಾ, ದಟ್ ಲಾಸ್ಟ್ ಕ್ವೆಶ್ಚನ್. ಹೊಗೆ ಯಾವುದರ ಹಾಗೆ ಅಂತ. ಝುಬೈದಾ ಆಂಟಿಯ ಅಬಾಯಾ ಹಾಗೆ ಇತ್ತು. ಫುಲ್ ಬ್ಲ್ಯಾಕ್. ಬಟ್ ದೇರ್ ವಾಸ್ ಎ ಹ್ಯಾಂಡ್ ಇನ್‌ಸೈಡ್."

ಝುಬೈದಕ್ಕನಿಗೆ ಅರ್ಧ ಅರ್ಥವಾಯಿತೋ ಇಲ್ಲವೋ. "ಎಂತ ಹೇಳಿದ್ಳು?" ಎಂದು ನನ್ನನ್ನು ಕೇಳಿದರು. ಹೊಗೆ ನಿಮ್ಮ ಅಬಾಯಾದ ಹಾಗೆ ಕಪ್ಪಗಿತ್ತಂತೆ, ಒಳಗೊಂದು ಕೈ ಇತ್ತಂತೆ ಎಂದು ಹೇಳಿದೆ.

"ಎಣ್ಣೆ ಕೈ," ಎಂದರು ಝುಬೈದಕ್ಕ. "ಕೋಳಿ ಮಸಾಲೆ ಹಚ್ತಾ ಇದ್ದೆ. ಜಾರಿ ಹೋಗ್ತದಾ ಅಂತ ನಂಗೆ ಜೀವ ಇರ್ಲಿಲ್ಲ. ಅದಕ್ಕೇ ಉಗುರು ಹಾಕಿ ಹಿಡಿದದ್ದು." ಜೋವಿ ತೋಳು ಮುಂದೆ ಮಾಡಿ ತೋರಿಸಿದಳು. ಗುರುತು ಯಾವಾಗಲೋ ಮಾಸಿತ್ತು. ಆದರೂ ಮೂವರೂ ಬಗ್ಗಿ ನೋಡಿದೆವು.

ನನ್ನ ತಲೆಯೊಳಗಿನ ಮೆಟ್ಟಿಲು ಅದುವರೆಗೂ ಐದರ ತಿರುವಿನಲ್ಲಿ, ಖಾಲಿ ಕೈಗೆ ನಿಂತುಬಿಡುತ್ತಿತ್ತು. ಅಂದು ಮೊದಲ ಸಲ ಅದು ಒಂದು ಹೆಜ್ಜೆ ಕೆಳಗೆ ಇಳಿಯಿತು.

ಮರುದಿನ ಲ್ಯಾನ್ಸಿಗೆ ರಜೆ. ಬೆಳಗಿನ ಮೊದಲ ಬಸ್ಸಿಗೇ ಅಬುಧಾಬಿಯಿಂದ ಹೊರಟು ಬಂದಿದ್ದ, ಕೀ ತರಲು ಮರೆತು. ಬಾಗಿಲು ಬಡಿದಿದ್ದಾನೆ, ತೆರೆದಿಲ್ಲ. ಫೋನ್ ಮಾಡಿದ್ದಾನೆ, ಎತ್ತಿಲ್ಲ. ಗಾಬರಿಯಾಗಿ ಎರಡೂ ಕೈಯಿಂದ ಬಡಿದಿದ್ದಾನೆ. ಸದ್ದಿಗೆ ಎದುರು ಮನೆಯಿಂದ ಝುಬೈದಕ್ಕ ಬಂದು ಅವರೂ ಬಡಿದಿದ್ದಾರೆ. ಕೊನೆಗೆ ನನಗೆ ಎಚ್ಚರವಾದಾಗ ಕಿಟಕಿಯ ಬಿಸಿಲು ನನ್ನ ಹೊಟ್ಟೆಯವರೆಗೆ ಬಂದಿತ್ತು. ಬಾಗಿಲು ತೆರೆದೆ.

"ಜೀವ ಹೋಯ್ತು ನನ್ನದು! ಎಂತ ಆಯ್ತು?" ಎಂದ ಲ್ಯಾನ್ಸಿ.

"ನಿದ್ದೆ," ಎಂದೆ. ನನಗೇ ಆಶ್ಚರ್ಯವಾಯಿತು.

"ಇಷ್ಟು ಬಡಿದದ್ದಕ್ಕೆ ಜೋವಿಯೂ ಏಳ್ಲಿಲ್ವಾ?"

ಮೂವರೂ ಕೋಣೆಯ ಬಾಗಿಲಿಗೆ ಬಂದು ಇಣುಕಿದೆವು. ಜೋವಿ ಬಾಯಿ ತೆರೆದು, ಕೈಕಾಲು ನಾಲ್ಕು ಕಡೆಗೆ ಚಾಚಿ ಮಲಗಿದ್ದಳು. ಬರಿಗಾಲು. ಒಂದು ಶೂ ಮಂಚದ ಕೆಳಗೆ, ಇನ್ನೊಂದು ಬೋರಲಾಗಿ ಬಾಗಿಲ ಹತ್ತಿರ. ಝುಬೈದಕ್ಕ ತುಟಿಯ ಮೇಲೆ ಬೆರಳಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು, ತಮ್ಮ ಮನೆಗೆ ನಡೆದರು.

ಲ್ಯಾನ್ಸಿ ಬಹಳ ಹೊತ್ತು ಆ ಪಾದಗಳನ್ನು ನೋಡುತ್ತ ನಿಂತಿದ್ದ. ಟಿಕೆಟಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆಮೇಲೆ ಮೇಜಿನ ಹತ್ತಿರ ಹೋಗಿ, ಸದ್ದಾಗದ ಹಾಗೆ ಕುರ್ಚಿಯನ್ನು ಎಳೆಯದೆ ಎರಡೂ ಕೈಯಿಂದ ಎತ್ತಿ ಹಿಂದಕ್ಕಿಟ್ಟು, ಕೂತ.